ದಪ್ಪ ಹುಡುಗನ ಎಡಕ್ಕೆ, ತುಸು ಹಿಂದೆ

ಗಾಳಿಗೂ ಅಂಚು ಇರುತ್ತದೆ ಎಂದು ನನಗೆ ಗೊತ್ತಾದದ್ದು ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯಲ್ಲಿ, ಸೈಕಲ್ ತುಳಿಯುತ್ತಿದ್ದಾಗ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಗಾಳಿಯ ಬಗ್ಗೆ ನನಗೆ ಯಾರೂ ಪಾಠ ಮಾಡಿರಲಿಲ್ಲ. ಅದನ್ನು ಕಂಡುಹಿಡಿದ ಖುಷಿಯಲ್ಲಿ ತಂಗಿಗೆ ಏನು ಮಾಡಿದೆ ಎಂಬುದನ್ನು ಬರೆಯಬೇಕೆಂದು ಕೂತಿದ್ದೇನೆ.

ತಂಗಿ ಆಗ ಒಂಬತ್ತನೆಯ ತರಗತಿ. ಸರಕಾರ ಶಾಲೆಯಲ್ಲಿ ಕೊಟ್ಟ ಸೈಕಲ್ಲಿನಲ್ಲೇ ಬೆಳಂಬಾರದಿಂದ ಅಂಕೋಲೆಗೆ ಹೋಗಿಬರುತ್ತಿದ್ದವಳು ತಾಲೂಕಿನ ಸೈಕಲ್ ಸ್ಪರ್ಧೆಯಲ್ಲಿ ಹುಡುಗಿಯರಲ್ಲೆಲ್ಲ ಮೊದಲು ಬಂದಿದ್ದಳು. ಆ ಡಿಸೆಂಬರಿನಲ್ಲಿ ಬಯಲುಸೀಮೆಯ ಒಂದು ಕ್ರೀಡಾ ಹಾಸ್ಟೆಲಿನಿಂದ ನಾಲ್ಕು ಹುಡುಗರು ತಮ್ಮ ಕೋಚ್ ಜೊತೆ ನಮ್ಮ ಕಡೆಗೆ ಬಂದರು. ಶಾಲೆಯ ಡ್ರಿಲ್ ಮಾಸ್ತರರು ಹೋಗಿ ತಂಗಿಯ ವಿಷಯ ಎತ್ತಿದರು. ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಒಂದೇ ಜಾಗ ಖಾಲಿ ಇತ್ತು. ಕೋಚ್ ಹೇಳಿದ್ದು ಇಷ್ಟು: ನಾಳೆ ನಮ್ಮ ಹುಡುಗರು ಅಂಕೋಲೆಯಿಂದ ಕಾರವಾರದಾಚೆಯ ಸದಾಶಿವಗಡಕ್ಕೆ ಆರಾಮಾಗಿ ಹೋಗುತ್ತಾರೆ, ಈ ಹುಡುಗಿ ಹಿಂದೆ ಬೀಳದೆ ಅವರ ಜೊತೆಗೇ ಬಂದು ಮುಟ್ಟಿದರೆ ಕರೆದುಕೊಂಡು ಹೋಗುತ್ತೇನೆ. ಊಟ, ಓದು, ಗೇರಿನ ಸೈಕಲ್ಲು, ಎಲ್ಲ ಅಲ್ಲಿಯೇ. ಆ ರಾತ್ರಿ ತಂಗಿ ಅನ್ನ ಸರಿಯಾಗಿ ಉಣ್ಣಲಿಲ್ಲ.

ಒಬ್ಬಳನ್ನೇ ಗಂಡುಹುಡುಗರ ಜೊತೆ ಕಳಿಸಲು ಆಯಿ ಒಪ್ಪಲಿಲ್ಲ.

"ನೀ ಹೋಗು ಅವ್ಳ ಸಂಗ್ತಿಗೆ," ಎಂದಳು ನನಗೆ. "ಅವ್ಳ ಹಿಂದೇ ಇರ್ಬೇಕು ಮತ್ತೆ. ಮುಂದೆ ಹೋದ್ರೆ ನೋಡು, ಕಾಲ್ ಮುರಿತೆ."

ನನಗೆ ಅದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಚಿರೇಕಲ್ಲಿನ ಕ್ವಾರಿಯಲ್ಲಿ ಲಾರಿಗೆ ಕಲ್ಲು ತುಂಬುವ ಕೆಲಸ ನನ್ನದು. ಮೈಯಲ್ಲಿ ಬಲವಿತ್ತು, ಬಲ ಇದೆ ಎಂಬ ಸೊಕ್ಕೂ ಇತ್ತು.

ಬೆಳಿಗ್ಗೆ ಅಂಕೋಲೆಯ ಬಸ್ ನಿಲ್ದಾಣದ ಎದುರು ಅವರು ನಿಂತಿದ್ದರು. ಬೆರಳಿನಷ್ಟೇ ದಪ್ಪದ ಟಯರುಗಳು. ಹುಡುಗರೂ ಸೈಕಲ್ಲಿನ ಹಾಗೆಯೇ ಸಪೂರ. ಒಬ್ಬ ಮಾತ್ರ ಬಾಗಿಲಿನಷ್ಟು ಅಗಲ. ಅವನು ನನ್ನ ಸೈಕಲ್ಲಿನ ಕ್ಯಾರಿಯರ್ ಮುಟ್ಟಿ ನೋಡಿದ.

"ಅಣ್ಣಾ, ಇದರ ಮ್ಯಾಲೆ ಎಮ್ಮಿ ಹೇರ್ತೀ ಏನು?"

"ಹತ್ತು ಮಾರಾಯಾ, ಕಾರವಾರದಲ್ಲಿ ಇಳಿಸ್ತೆ," ಎಂದೆ.

ಉಳಿದ ಮೂವರು ಬಿದ್ದುಬಿದ್ದು ನಕ್ಕರು. ಅವನೂ ನಕ್ಕ. ನಮ್ಮಿಬ್ಬರನ್ನು ನೋಡಿಕೊಳ್ಳಲು ಕೋಚ್ ಅವನಿಗೇ ಹೇಳಿ, ತಾವು ಜೀಪಿನಲ್ಲಿ ಮುಂದೆ ಹೋಗಿದ್ದರಂತೆ. ಹೊರಡುವಾಗ ಅವನು ತಂಗಿಗೆ, "ನನ್ನ ಎಡಕ ಬಾ ತಂಗೀ, ತುಸು ಹಿಂದ. ಜಾಗಾ ಬಿಡಬ್ಯಾಡ," ಎಂದ. ಯಾಕೆ ಎಡಕ್ಕೆ ಎಂದು ನನಗೆ ಹೊಳೆಯಲಿಲ್ಲ.

ಮಂಜು ಇನ್ನೂ ಗದ್ದೆಗಳ ಮೇಲೆ ಕೂತಿತ್ತು. ಬೆಟ್ಟದ ಕಡೆಯಿಂದ ಚಳಿಗಾಲದ ಮೂಡಗಾಳಿ ಬಲಗೆನ್ನೆಗೆ ಓರೆಯಾಗಿ ಹೊಡೆಯುತ್ತಿತ್ತು. ನನಗೆ ವಿಚಿತ್ರ ಕಂಡದ್ದು ಆ ಹುಡುಗರು ಹೋಗುವ ರೀತಿ. ಒಬ್ಬರ ಹಿಂದೆ ಒಬ್ಬರು ನೇರ ಹೋಗುತ್ತಿರಲಿಲ್ಲ. ಮುಂದಿನವನು ಬಲಕ್ಕೆ, ಅವನ ಹಿಂದಿನವನು ಸ್ವಲ್ಪ ಎಡಕ್ಕೆ, ಮತ್ತೊಬ್ಬ ಇನ್ನೂ ಎಡಕ್ಕೆ, ಹೀಗೆ ರಸ್ತೆಗೆ ಅಡ್ಡ ಗೆರೆ ಎಳೆದಂತೆ. ದಪ್ಪ ಹುಡುಗ ಕೊನೆಗೆ, ಅವನ ಎಡಕ್ಕೆ ತಂಗಿ, ಅವಳ ಎಡಕ್ಕೆ ಟಾರಿನ ಅಂಚು. ನಾನು ಎಲ್ಲರ ಹಿಂದೆ. ಅವರು ಆರಾಮಾಗಿ ಮಾತಾಡುತ್ತ ಹೋಗುತ್ತಿದ್ದರೆ ನನಗೆ ಅವರ್ಸಾ ಬರುವುದರೊಳಗೆ ತೊಡೆ ಉರಿಯತೊಡಗಿತು. ಕಲ್ಲು ಎತ್ತುವ ಬಲ ಇದಕ್ಕೆ ಬರುವುದಿಲ್ಲ.

ಒಂದು ಸಣ್ಣ ಸೇತುವೆಯ ಮೇಲೆ ಎದುರಿನಿಂದ ಲಾರಿ ಬಂತು. ಎಲ್ಲರೂ ಒಂದೇ ಸಾಲಾದೆವು. ಆ ಗಡಿಬಿಡಿಯಲ್ಲಿ ತಂಗಿ ಬ್ರೇಕ್ ಹಿಡಿದಳು, ನಾನು ಮುಂದಾದೆ. ಸೇತುವೆ ದಾಟಿ ಮತ್ತೆ ಓರೆಯಾದಾಗ ದಪ್ಪ ಹುಡುಗನ ಎಡಕ್ಕೆ ನಾನಿದ್ದೆ. ಕಿವಿಯಲ್ಲಿ ಬೋರಿಡುತ್ತಿದ್ದ ಗಾಳಿ ಫಕ್ಕನೆ ನಿಂತುಹೋಯಿತು.

ಮೊದಲು ಗಾಳಿಯೇ ಬಿದ್ದಿತೆಂದುಕೊಂಡೆ. ಆದರೆ ಗಾಳಿಮರಗಳ ತುದಿ ಸಮುದ್ರದ ಕಡೆಗೆ ಬಾಗಿಯೇ ಇತ್ತು. ಬಲಗೈ ಚಾಚಿದೆ, ಅಂಗೈಗೆ ತಣ್ಣಗೆ ಬಡಿಯಿತು. ಎಳೆದುಕೊಂಡೆ, ಏನೂ ಇಲ್ಲ. ಒಂದು ಮೊಳ ಹಿಂದೆ ಸರಿದೆ, ಗಾಳಿ ಬಂತು. ಮುಂದೆ ಬಂದೆ, ಹೋಯಿತು. ಹುಲ್ಲಿನ ಬಣವೆಯ ಮರೆಯಲ್ಲಿ ನಿಂತು ಭತ್ತ ತೂರಿದರೆ ಹೊಟ್ಟು ಹಾರದೆ ಕಾಲ ಬುಡಕ್ಕೇ ಬೀಳುತ್ತದೆ. ಅದು ನಮಗೆಲ್ಲ ಗೊತ್ತು. ಆದರೆ ಓಡುವ ಮನುಷ್ಯನಿಗೂ ಬಣವೆಯ ಹಾಗೆ ಮರೆ ಇರುತ್ತದೆ, ಆ ಮರೆಯೂ ಅವನ ಜೊತೆಗೇ ಓಡುತ್ತದೆ ಎಂದು ಯಾರಿಗೆ ಗೊತ್ತು? ನನಗೆ ಮಕ್ಕಳಾಟದ ಹಾಗಾಯಿತು. ತಲೆ ತಗ್ಗಿಸಿದರೆ ಎಷ್ಟು, ಎತ್ತಿದರೆ ಎಷ್ಟು, ನೋಡುತ್ತ ಹೋದೆ.

"ಅಣ್ಣಾ, ಸ್ವಲ್ಪ ಬದಿಗೆ ಸರಿ," ಎಂದು ಹಿಂದಿನಿಂದ ತಂಗಿ ಕೂಗಿದಳು.

"ಎಲ್ಲಿಗೆ ಸರಿಲೇ? ಇತ್ಲಾಗೆ ಟಾರೇ ಇಲ್ಲ!"

ಅದು ನಿಜವೇ. ಮರೆ ಇದ್ದದ್ದು ಒಬ್ಬರಿಗೆ, ನನ್ನ ಎಡಕ್ಕೆ ಬರೀ ಕೆಂಪು ಜಲ್ಲಿ. ಆದರೆ ನಾನು ಪೆಡಲ್ ನಿಲ್ಲಿಸಿ ಹಿಂದೆ ಬಿದ್ದಿದ್ದರೆ ಅವಳ ಜಾಗ ಅವಳಿಗೆ ಸಿಗುತ್ತಿತ್ತು. ಅಷ್ಟೇ ಕೆಲಸ. ಅದು ನನಗೆ ಆಗಲೇ ಗೊತ್ತಿತ್ತು. ಆದರೆ ಹಿಂದೆ ಬಿದ್ದರೆ ನಾನು ಉಳಿದುಹೋಗುತ್ತೇನೆ ಎಂಬುದೂ ಗೊತ್ತಿತ್ತು. ಕ್ವಾರಿಯ ಆಳು ಸಪೂರ ಹುಡುಗರಿಗೆ ಸೋತ ಎಂದಾಗುವುದು ನನಗೆ ಬೇಡವಾಗಿತ್ತು.

ಹಾರವಾಡದ ತಿರುವು ಹೋಯಿತು, ಅಮದಳ್ಳಿ ಹೋಯಿತು. ಅವಳ ಮಡ್‌ಗಾರ್ಡಿನ ಗಡಗಡ ಸದ್ದು ಹಿಂದೆ ಕೇಳುತ್ತಿತ್ತು, ಒಮ್ಮೆ ಹತ್ತಿರ, ಒಮ್ಮೆ ದೂರ. ಚೆಂಡಿಯಾದ ಹತ್ತಿರ ಅದು ಕೇಳದಾಯಿತು. ದಪ್ಪ ಹುಡುಗ ಹೊರಳಿ ನೋಡಿದ.

"ತಂಗಿ ಎಲ್ಲಿ ಅಣ್ಣಾ? ನಿಂದ್ರೂಣೇನು?"

"ಬರ್ತಾಳೆ ಬರ್ತಾಳೆ. ನೀ ಹೋಗು," ಎಂದೆ.

ಬಿಣಗಾದ ಘಟ್ಟ ಹತ್ತುವಾಗ ಗುಡ್ಡವೇ ಗಾಳಿಗೆ ಅಡ್ಡವಾಯಿತು, ಯಾರ ಮರೆಯೂ ಬೇಕಾಗಲಿಲ್ಲ. ಅದನ್ನೂ ಗಮನಿಸಿದೆ. ಎಲ್ಲವನ್ನೂ ಗಮನಿಸಿದೆ ನಾನು, ಹಿಂದೆ ಉಳಿದವಳೊಬ್ಬಳನ್ನು ಬಿಟ್ಟು.

ಕಾಳಿ ಸೇತುವೆ ದಾಟಿ ಸದಾಶಿವಗಡದ ಚಾದಂಗಡಿ ಮುಟ್ಟಿದಾಗ ಕೋಚ್ ಬಂದು ನನ್ನ ಬೆನ್ನು ತಟ್ಟಿದರು. ಈ ಸೈಕಲ್ಲಿನಲ್ಲಿ ಬಂದೆಯಾ ಎಂದು ಬೆರಗಾದರು. ಆಮೇಲೆ, "ನಿನ್ನ ತಂಗಿ?" ಎಂದರು.

"ಆಗ್ಲಿಲ್ಲ ಸರ್ ಅವ್ಳಿಗೆ."

ಲಾರಿ ಬಂದಾಗ ಆ ಸಣ್ಣ ಸೇತುವೆಯ ಮೇಲೆ ನಡೆದ ಗಡಿಬಿಡಿ ಹೇಳಬಹುದಿತ್ತು. ಜಾಗ ನಾನು ಕಸಿದೆ ಎಂದು ಒಂದೇ ಮಾತು ಸಾಕಿತ್ತು, ಅವರು ಬಲ್ಲವರು, ಅರ್ಥವಾಗುತ್ತಿತ್ತು. ಬೆನ್ನು ತಟ್ಟಿದ ಕೈ ಇನ್ನೂ ನನ್ನ ಹೆಗಲ ಮೇಲೆ ಇತ್ತು.

ನಾವು ಎರಡನೇ ಚಾ ಕುಡಿಯುವಾಗ ಅವಳು ಬಂದಳು. ಮುಖದ ತುಂಬ ಬೆವರಿನ ಉಪ್ಪು. ಕೋಚ್ ಸಮಾಧಾನದ ಮಾತಾಡಿ, ಬರುವ ವರ್ಷ ನೋಡೋಣ ಎಂದರು. ಬರುವ ವರ್ಷ ಅವರು ನಮ್ಮ ಕಡೆ ಬರಲಿಲ್ಲ. ತಿರುಗಿ ಬರುವಾಗ ಅವಳು, "ನನ್ ಕಾಲಲ್ಲಿ ಎಂತದೂ ಇಲ್ಲ ಅಲ್ದಾ ಅಣ್ಣಾ," ಎಂದಳು. "ಇರ್ಲಿ ಬಿಡು," ಎಂದೆ ನಾನು, ದೊಡ್ಡ ಮನಸ್ಸಿನವನ ಹಾಗೆ.

ಈಗ ಅವಳ ಮನೆ ಹಾರವಾಡದಲ್ಲಿ. ಭಾವ ಬಸ್ ಕಂಡಕ್ಟರ್, ನಗಿಸುವ ಮನುಷ್ಯ. ನೆಂಟರು ಕೂತಾಗೆಲ್ಲ, "ನಮ್ಮನೆಯವ್ಳ ಕಾಲು ಚೆಂಡಿಯಾ ಸ್ಟಾಪಿಗೇ ಇಳ್ದು ಹೋಗಿದೆ," ಎನ್ನುತ್ತಾರೆ. ಅವಳೂ ನಗುತ್ತಾಳೆ. ವರ್ಷಗಟ್ಟಲೆ ನಾನೂ ನಕ್ಕಿದ್ದೇನೆ.

ಹೋದ ಚಳಿಗಾಲದಲ್ಲಿ ಒಂದು ದಿನ ಅವಳು ಹಿತ್ತಲಲ್ಲಿ ಸಾರು ಮಾಡಲು ಬಳಚಿನ ಚಿಪ್ಪು ಒಡೆದು ಮಾಂಸ ತೆಗೆಯುತ್ತಿದ್ದಳು. ನಾನು ಎದುರು ಕೂತು ಖಾಲಿ ಚಿಪ್ಪುಗಳನ್ನು ನೆಲದ ಮೇಲೆ ಓರೆ ಸಾಲಿನಲ್ಲಿ ಇಟ್ಟೆ. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿ ಸಾಯುತ್ತದೆ ಎಂದು ತೋರಿಸಿದೆ. ಅವಳು ಕತ್ತಿ ಬದಿಗಿಟ್ಟು ಆಸಕ್ತಿಯಿಂದಲೇ ಬಗ್ಗಿ ನೋಡಿದಳು.

"ಈ ಕಡೇ ಚಿಪ್ಪು ಯಾರು?"

"ನಾನು."

ಅವಳು ಆ ಚಿಪ್ಪನ್ನು ತೆಗೆದು ಬೇರೆ ಚಿಪ್ಪು ಇಟ್ಟಳು. "ಆ ಲಾರಿ ಬಂದ ಸೇತುವೆ ತನಕ ಇಲ್ಲಿ ನಾನಿದ್ದೆ." ಅವಳಿಗೆ ನೆನಪಿತ್ತು. ಆ ಚಿಪ್ಪನ್ನು ಬೆರಳಿನಿಂದ ಸರಿಮಾಡಿ, "ಹೋಗ್ಲಿ, ಮರೆ ಸಿಕ್ರೆ ಯಾರೂ ಬಿಡುದಿಲ್ಲ. ಚಾದಂಗಡಿಯಲ್ಲಿ ಅವ್ರು ಕೇಳಿದ್ರಾ ನನ್ನ?" ಎಂದಳು.

"ಕೇಳಿದ್ರು."

"ಎಂತ ಹೇಳ್ದೆ?"

ಹೇಳಿದೆ. ಅದೇ ಮಾತಿನಲ್ಲಿ.

ಅವಳು ಚಿಪ್ಪುಗಳ ಮೇಲಿಂದ ಕಣ್ಣು ಎತ್ತಲಿಲ್ಲ. "ನಂಗೆ ಆಗ್ತಿತ್ತಾ ಅಣ್ಣಾ?"

"ಗೊತ್ತಿಲ್ಲ," ಎಂದೆ. ಹೌದು ಎನ್ನಲು ಬಾಯಿಗೆ ಬಂದಿತ್ತು. ಆದರೆ ಅದು ಯಾರಿಗೂ ಗೊತ್ತಾಗದ ಹಾಗೆ ಮಾಡಿದವನೇ ನಾನು. ಈಗ ಹೌದು ಎಂದರೆ ಅದು ಇನ್ನೊಂದು ಸುಳ್ಳು.

ಅವಳು ಕೈ ತೊಳೆದು ಒಳಗೆ ನೋಡಿ ಗಂಡನನ್ನು ಕೂಗಿದಳು. "ಇಲ್ಲಿ ಬನ್ನಿ. ಅಣ್ಣ ಎಂತದೋ ಹೇಳ್ತನಂತೆ, ಸೈಕಲ್ಲಿಂದು."

ಭಾವ ಲುಂಗಿ ಕಟ್ಟಿಕೊಳ್ಳುತ್ತ ಬಂದರು. "ಚೆಂಡಿಯಾ ಸ್ಟಾಪಾ?" ಎಂದು ನಗಲು ಹೊರಟವರು ಅವಳ ಮುಖ ನೋಡಿ ಮೆಟ್ಟಿಲ ಮೇಲೆ ಕೂತರು. ನಾನು ಅಂಕೋಲೆಯ ಬಸ್ ನಿಲ್ದಾಣದಿಂದ ಶುರು ಮಾಡಿದೆ.