ಗ್ರಹಣವಿಲ್ಲದ ದಿನದ ಒನಕೆ

ಸುಮಂಗಲಾ ಎಂಟು ವರ್ಷದವಳಿದ್ದಾಗ ಕೇಳಿದ ಒಂದು ಪ್ರಶ್ನೆಗೆ ಉತ್ತರ ಸಿಗಲು ನಲವತ್ತನಾಲ್ಕು ವರ್ಷ ಹಿಡಿಯಿತು. ಪ್ರಶ್ನೆಯೇನೂ ದೊಡ್ಡದಲ್ಲ. ಗ್ರಹಣ ಹಿಡಿದಾಗ ಇಂಡಿ ಎಂಬ ಊರಿನ ಅವರ ಮನೆಯಲ್ಲಿ ಅವ್ವ ಪಾರವ್ವ ತಾಟಿಗೆ ನೀರು ಹಾಕಿ ನಡುವೆ ಒನಕೆ ನಿಲ್ಲಿಸುತ್ತಿದ್ದಳು. ಗ್ರಹಣ ಬಿಡುವ ತನಕ ಅದು ತಾನಾಗಿ ನಿಲ್ಲುತ್ತದೆ, ಬೇರೆ ದಿನ ನಿಲ್ಲುವುದಿಲ್ಲ ಎಂಬುದು ಓಣಿಯ ನಂಬಿಕೆ. ಉಳಿದವರು ನಿಲ್ಲಿಸಿದರೆ ಎಷ್ಟೋ ಸಲ ಬೀಳುತ್ತಿತ್ತು, ಪಾರವ್ವ ನಿಲ್ಲಿಸಿದ್ದು ಬಿದ್ದದ್ದಿಲ್ಲ. ಹೀಗಾಗಿ ಗ್ರಹಣ ಬಂತೆಂದರೆ ಓಣಿಗೆಲ್ಲ ಅವಳೇ ಬೇಕು.

"ಅವ್ವಾ, ಬ್ಯಾರೆ ದಿನ ನಿಂದ್ರಿಸಿ ನೋಡಿಯೇನ?" ಎಂದು ಹುಡುಗಿ ಕೇಳಿದಳು. ಅಜ್ಜಿ, ಅಂದರೆ ಪಾರವ್ವನ ಅತ್ತೆ, ಪಕ್ಕದಲ್ಲೇ ಕೂತಿದ್ದಳು. ಉತ್ತರವಾಗಿ ಅವ್ವನಿಂದ ಬೆನ್ನಿಗೆ ಗುದ್ದು ಬಿತ್ತು. ನೋವು ಸಂಜೆಗೆ ಹೋಯಿತು, ಪ್ರಶ್ನೆ ಹೋಗಲಿಲ್ಲ.

ಈಗ ಸುಮಂಗಲಾ ಪುಣೆಯಲ್ಲಿ, ಚಾಕಣದ ಕಾರ್ಖಾನೆಗಳಿಗೆ ಸಾಮಾನು ಸಾಗಿಸುವ ಲಾರಿ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ನಾಲ್ಕು ವರ್ಷದ ಹಿಂದೆ ಶಾಲೆಯೊಂದರ ಮೈದಾನದಲ್ಲಿ ದೂರದರ್ಶಕದಲ್ಲಿ ಶನಿಯ ಬಳೆ ನೋಡಲು ಹೋಗಿ, ಹಿಂದಿನವರೆಲ್ಲ ಗೊಣಗುವಷ್ಟು ಪ್ರಶ್ನೆ ಕೇಳಿದ್ದಳು. ಅದನ್ನು ಏರ್ಪಡಿಸಿದ್ದ ಖಗೋಳ ಮಂಡಳಿಯವರು ಈ ಬಾಯಿ ನಮ್ಮ ಕಡೆಯೇ ಇರಲಿ ಎಂದು ಅವಳನ್ನು ಸೇರಿಸಿಕೊಂಡರು.

ಕಳೆದ ಗ್ರಹಣದ ಕಾರ್ಯಕ್ರಮದಲ್ಲಿ ಅವಳ ವಠಾರದ ಹೆಂಗಸರು ಒನಕೆಯ ಮಾತೆತ್ತಿದರು. ಮಂಡಳಿಯ ಹುಡುಗರು ಕಿಸಕ್ಕನೆ ನಕ್ಕರು. ಹೆಂಗಸರು ಎದ್ದು ಹೋದರು. ಸುಮಂಗಲಾಳಿಗೆ ಸಿಟ್ಟು ನೆತ್ತಿಗೇರಿತು. ನಕ್ಕರೆ ಪ್ರಶ್ನೆ ಸಾಯುತ್ತದೆಯೇ? ಕೇಳಿದವರು ಮನೆಗೆ ಹೋಗುತ್ತಾರೆ, ಅಷ್ಟೇ.

ಮೇ ತಿಂಗಳಲ್ಲಿ ಶೂನ್ಯ ನೆರಳಿನ ದಿನ ಬಂತು. ಅವತ್ತು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಮಾಯವಾಗುತ್ತದೆ. ಸ್ವಾರಗೇಟ ಬಸ್ ನಿಲ್ದಾಣದ ಹಿಂದಿನ ತನ್ನ ವಠಾರದ ಅಂಗಳದಲ್ಲಿ ಅದನ್ನು ತೋರಿಸುವ ಕೆಲಸ ಸುಮಂಗಲಾಳದು. ಕೋಲಿನ ಬದಲು ಅವ್ವನ ಒನಕೆಯನ್ನೇ ನಿಲ್ಲಿಸಬೇಕೆಂದು ಅವಳು ಹಟ ಹಿಡಿದಳು. ಹಟ ಹಿಡಿದ ಮೇಲೆ ಹೆದರಿಕೆ ಶುರುವಾಯಿತು. ನಿಲ್ಲದಿದ್ದರೆ ಹೆಂಗಸರ ಮುಂದೆ ತನ್ನ ಮರ್ಯಾದೆ ಹೋಗುತ್ತದೆ. ಗ್ರಹಣವಿಲ್ಲದೆಯೂ ನಿಂತರೆ ಅವ್ವನದು ಹೋಗುತ್ತದೆ. ಈಗ ಮಗಳ ಜೊತೆಗಿರುವ ಎಪ್ಪತ್ತೊಂಬತ್ತರ ಪಾರವ್ವನನ್ನು ಇಲ್ಲಿಯೂ ವಠಾರದವರು ಗ್ರಹಣಕ್ಕೊಮ್ಮೆ ಒನಕೆ ನಿಲ್ಲಿಸಲು ಕೈಹಿಡಿದು ಕರೆದೊಯ್ಯುತ್ತಿದ್ದರು.

"ಅವ್ವಾ, ಒನಕಿ ಒಯ್ಯಲೇನ?"

"ಒಯ್ಯಿ," ಎಂದಳು ಪಾರವ್ವ, ಅಕ್ಕಿ ಆರಿಸುತ್ತ, ತಲೆ ಎತ್ತದೆ.

ಹನ್ನೆರಡೂ ಇಪ್ಪತ್ತಕ್ಕೆ ಅಂಗಳ ತುಂಬಿತ್ತು. ಸುಮಂಗಲಾ ಒನಕೆ ನಿಲ್ಲಿಸಿದಳು, ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. "ಆಜ್ ಗ್ರಹಣ್ ಕುಠೆ ಆಹೆ?" ಎಂದಳು ಒಬ್ಬಳು ಮರಾಠಿಯಲ್ಲಿ. ಇವತ್ತು ಗ್ರಹಣವೆಲ್ಲಿದೆ, ನಿಲ್ಲಲಿಕ್ಕೆ? ಸುಮಂಗಲಾ ಬಗ್ಗಿ ಮೂರನೆಯ ಸಲ ಒನಕೆ ಎತ್ತಿದಳು.

ಅಷ್ಟರಲ್ಲಿ ಕೋಲೂರುತ್ತ ಪಾರವ್ವ ಮೆಟ್ಟಿಲಿಳಿದು ಬಂದಳು.

"ಸರಿ ಅತ್ಲಾಗ. ಬುಡ ಒಂದ ಬಾಜೂ ಸವದದ."

ಒನಕೆಯನ್ನು ಸ್ವಲ್ಪ ತಿರುಗಿಸಿದಳು, ಎರಡು ಬೆರಳಲ್ಲಿ ತೂಕ ನೋಡಿದಳು, ಕೈ ಬಿಟ್ಟಳು. ನಿಂತಿತು. ಹನ್ನೆರಡೂ ಮೂವತ್ತೊಂದಕ್ಕೆ ಅದರ ನೆರಳು ಬುಡದೊಳಗೆ ಸೇರಿ ಇಲ್ಲವಾಯಿತು. ಮಕ್ಕಳು ಕೂಗಿದರು. ಪಾರವ್ವ ಹೆಂಗಸರ ಕಡೆ ತಿರುಗಿ ತನ್ನ ಹರಕು ಮರಾಠಿಯಲ್ಲಿ, ಇದು ಯಾವ ದಿನವಾದರೂ ನಿಲ್ಲುತ್ತದೆ, ಕೈಗೆ ರೂಢಿ ಬೇಕಷ್ಟೇ, ಬಂದು ನಿಲ್ಲಿಸಿ ನೋಡಿ ಎಂದಳು. ಕೇಳಿದ್ದೇ ತಡ, ಅವರೆಲ್ಲ ಮುಂದೆ ನುಗ್ಗಿದರು.

ಸುಮಂಗಲಾ ಮಾತ್ರ ಅವ್ವನನ್ನೇ ನೋಡುತ್ತಿದ್ದಳು. "ನಿನಗ ಗೊತ್ತಿತ್ತೇನ?"

"ಪ್ರತಿ ಗ್ರಹಣದ ಹಿಂದಿನ ದಿನ ಕದ ಹಾಕ್ಕೊಂಡು ನಿಂದ್ರಿಸಿ ನೋಡತಿದ್ದೆ. ಇಲ್ಲಾಂದ್ರ ಮಂದಿ ಮುಂದ ನಿಲ್ತಿತ್ತೇನ?"

"ಮತ್ತ ನಾ ಕೇಳಿದಾಗ ಯಾಕ ಗುದ್ದಿದಿ?"

ಪಾರವ್ವ ಮಗಳ ಬೆನ್ನ ಮೇಲೆ, ಅವತ್ತು ಗುದ್ದಿದ ಜಾಗದಲ್ಲೇ, ಕೈ ಇಟ್ಟಳು.

"ನಿಮ್ಮಜ್ಜಿ ಅಲ್ಲೇ ಕುಂತಿದ್ಲಲ್ಲ," ಎಂದಳು.