ಅಣ್ಣ ಹಾಕಿದ ಟಯರು

“ಹ್ವಾಯ್, ಹಿಂದಿನ್ ಎರ್ಡ್ ಟಯರ್ ಒಂದೇ ಸೈಜ್ ಅಲ್ಲ. ಈ ದೊಡ್ಡದ್ನ ಹಾಕಿದ್ದ್ ಯಾರ್ ಮಾರ್ರೆ?”

ಹಂಗಾರಕಟ್ಟೆಯಿಂದ ಮೀನು ಸಾಗಿಸುವ ನಮ್ಮ ಪಿಕಪ್ಪಿನಡಿಯಿಂದ ಬ್ರಹ್ಮಾವರದ ಮೆಕ್ಯಾನಿಕ್ ಕೇಳಿದ. ಕೆಸರಿನಲ್ಲಿ ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಶಿಯಲ್, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರು, ಅದರದ್ದು. ಚಕ್ರಗಳ ಅಳತೆ ಬೇರೆಯಾಗಿ, ಒಳಗಿನ ಪ್ಲೇಟುಗಳು ನೇರ ರಸ್ತೆಯಲ್ಲೂ ಉಜ್ಜಿ ಸವೆದಿದ್ದವು.

ಹಾಕಿದ್ದು ನನ್ನಣ್ಣ. ಪಂಕ್ಚರ್ ಆದಾಗ ಸಿಕ್ಕಿದ ಸ್ಟೆಪ್ನಿ ಹಾಕಿ ಮನೆಗೆ ಬಂದವನು ಮರುದಿನ ಎದೆನೋವಿನಿಂದ ತೀರಿಕೊಂಡ. ವರ್ಷವಾದರೂ ಅದನ್ನು ತೆಗೆಸಲು ನನಗೆ ಮನಸ್ಸು ಬಂದಿರಲಿಲ್ಲ.

ಇದನ್ನು ಕೇಳಿದ ಮೆಕ್ಯಾನಿಕ್ ಸ್ಪ್ಯಾನರನ್ನು ನನ್ನ ಕೈಗಿಟ್ಟ. “ಅವ್ರ್ ಹಾಕಿದ್ನ ನಾ ಬಿಚ್ಚುದ್ ಬೇಡ. ನೀವೇ ಬಿಚ್ಚಿ.” ನಾನು ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತರೂ ಮೊದಲ ನಟ್ಟು ಅಲುಗಲಿಲ್ಲ.

ಈಗ ಎರಡೂ ಟಯರು ಒಂದೇ ಅಳತೆಯವು. ನಟ್ಟುಗಳನ್ನು ನಾನೇ ಬಿಗಿದೆ. ಸಡಿಲವಾಗಿವೆಯೇ ಎಂದು ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತೇನೆ. ಅಣ್ಣ ಬಿಗಿದದ್ದನ್ನು ಒಮ್ಮೆಯೂ ನೋಡಬೇಕಾಗಿ ಬಂದಿರಲಿಲ್ಲ.