ಒಂದು ಬುಡಕ್ಕೆ ಒಂದೇ ಬಾಯಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗುಡ್ಡದ ಹುಲ್ಲುಗಾವಲಿನಲ್ಲಿ ಅರವತ್ತೆರಡು ಕುರಿಗಳು ತಲೆ ತಗ್ಗಿಸಿ ಮೇಯುತ್ತಿವೆ. ಹಿಂದೆ ನಡೆಯುತ್ತಿರುವ ಹೆಂಗಸು ಬಗ್ಗಿ, ಹುಲ್ಲಿನ ಪಕ್ಕ ನಾಲ್ಕು ಬೆರಳು ಊರಿ ಅಳೆಯುತ್ತಾರೆ. ಹುಲ್ಲು ಅದಕ್ಕಿಂತ ಗಿಡ್ಡವಾಗುವ ಮೊದಲೇ ಮಂದೆಯನ್ನು ಮುಂದಕ್ಕೆ ಸಾಗಿಸುತ್ತಾರೆ.

"ಒಂದು ಬುಡಕ್ಕೆ ಒಂದೇ ಬಾಯಿ. ಎರಡನೇ ಬಾಯಿ ಬಿತ್ತೋ, ಬೇರಿಗೇ ಪೆಟ್ಟು" ಎನ್ನುತ್ತಾರೆ.

ಊರಿಗೆಲ್ಲ ಇವರು ಕೋಲಕ್ಕ. ಈ ಮಾತು ಮಾತ್ರ ಗಂಡನದು. ಹನ್ನೆರಡು ವರ್ಷದ ಹಿಂದೆ, ನೆಲದಲ್ಲೇ ಗೂಡು ಮಾಡುವ ನೆಲಗುಬ್ಬಿಯನ್ನು ಉಳಿಸಲೆಂದು ಇಲ್ಲಿಗೆ ಬೇಲಿ ಬಂತು, ಕುರಿ ಹೊರಗಾಯಿತು. ಹುಲ್ಲು ಎತ್ತರ ಬೆಳೆದರೆ ಗುಬ್ಬಿಗೆ ನರಿ ಬರುವುದು ಕಾಣುವುದಿಲ್ಲ, ಗುಬ್ಬಿ ಗೂಡಿನಲ್ಲಿ ಕೂರುವುದಿಲ್ಲ ಎಂದು ಗಂಡ ಅರಣ್ಯ ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 'ಮೊಟ್ಟೆ ತುಳಿಸಿದವನು' ಎಂಬ ಹೆಸರು ಅಂಟಿತು. ಮುನ್ನೂರು ಕುರಿಗಳ ಮಂದೆ ಕರಗಿತು.

ಹುಲ್ಲು ಎದೆಮಟ್ಟ ಬೆಳೆಯಿತು, ಮುಳ್ಳುಪೊದೆ ಹಬ್ಬಿತು, ಗುಬ್ಬಿ ಹೋಯಿತು. ಆಗ ಮತ್ತೆ ಕುರಿ ಮೇಯಿಸಿ ಎಂದು ಕೇಳಲು ಕಚೇರಿಯವರೇ ಮನೆಗೆ ಬಂದರು.

"ಯಜಮಾನರು ಇದ್ದಾರಾ ಅಂದ್ರು. ನಾನು ಗೋಡೆ ಮೇಲಿನ ಫೋಟೋ ತೋರಿಸಿದೆ. ಎರಡು ತಿಂಗಳು ತಡವಾಗಿತ್ತು."

ಉಳಿದ ಕುರಿ ಹೊಡೆದುಕೊಂಡು ಕೋಲಕ್ಕನೇ ಹೊರಟರು. ಮೊದಲ ವರ್ಷವೇ ಒಂದು ಜೋಡಿ ಗುಬ್ಬಿ ಬಂತು. "ಖುಷಿಗೆ ಬುದ್ಧಿ ಕೆಟ್ಟಿತು. ಜಾಗ ಇನ್ನೂ ಚೆನ್ನಾಗಿರಲಿ ಅಂತ ಅಲ್ಲೇ ಇನ್ನೊಂದ್ಸಲ ಮೇಯಿಸಿಬಿಟ್ಟೆ. ಮೊಟ್ಟೆಗೆ ಮರೆಯೇ ಇಲ್ಲದ ಹಾಗಾಯ್ತು. ಎದ್ದು ಹೋದವು."

ಕಚೇರಿ ಕೊಟ್ಟಿದ್ದು ಮೂರು ವರ್ಷ, ಇದು ಕೊನೆಯದು. ಈ ಹಂಗಾಮಿನಲ್ಲಿ ಗೂಡು ಕಾಣದಿದ್ದರೆ ಕುರಿ ಮತ್ತೆ ಹೊರಗೆ, ಇಲ್ಲಿ ಸಸಿ ನೆಡುತ್ತಾರೆ. ಇನ್ನು ಒಂಬತ್ತು ದಿನ.

ಗೂಡು ಎಣಿಸುವ ಕಾವಲುಗಾರ ಬರುತ್ತಾನೆ. "ಏನಕ್ಕಾ, ದಿನಾ ಅಳತೆ ತಗೋತೀಯ, ಹುಲ್ಲಿಗೆ ಅಂಗಿ ಹೊಲಿಸ್ತೀಯಾ?"

"ನಿನ್ನ ನಾಲಿಗೆ ಅಳೆಯೋಕೆ ನಾಲ್ಕು ಬೆರಳು ಸಾಲಲ್ಲಪ್ಪ."

ನಗುತ್ತಲೇ ಹುಲ್ಲುಗಾವಲು ಸುತ್ತಿ ಬಂದವನು ಪುಸ್ತಕದಲ್ಲಿ ಇವತ್ತೂ ಸೊನ್ನೆ ಬರೆಯುತ್ತಾನೆ. ಅವನು ಬೇಲಿ ದಾಟಿದ ಮೇಲೆ ಕೋಲಕ್ಕ, ಪತ್ರಿಕೆಗೆ ಬರೆದುಕೊಳ್ಳುತ್ತಿರುವ ನನ್ನ ಕಡೆ ತಿರುಗುತ್ತಾರೆ.

"ಗೂಡು ಬರದಿದ್ರೆ ನನ್ನ ಕೈ ತಪ್ಪಿತು ಅಂತ ಬರೀರಿ. ನಮ್ಮ ಯಜಮಾನರ ಮಾತು ತಪ್ಪಿತು ಅಂತ ಮಾತ್ರ ಬರೀಬೇಡಿ."